ಬಣ್ಣಕ್ಕೊಂದು ಅಂಕಿ, ಮಾತಿಗೊಂದು ಬೆಲೆ

ಪ್ರೀತಿಯ ಮಕ್ಕಳೇ,

ಮಕ್ಕಳೇ ಎಂದರೆ ನಿಮ್ಮಲ್ಲಿ ಕೆಲವರಿಗೆ ಸಿಟ್ಟು ಬರುತ್ತದೆಂದು ಬಲ್ಲೆ. ಗಚ್ಚಿಬೌಲಿ, ಮಾಧಾಪುರಗಳಲ್ಲಿ ಕೆಲಸ ಮಾಡುತ್ತ ನಮ್ಮ ಮನೆಯವರ ಪಿಂಚಣಿಯ ನಾಲ್ಕು ಪಟ್ಟು ಸಂಬಳ ಎಣಿಸುವವರು ನೀವು. ಆದರೂ ಒಂದು ಕಾಲದಲ್ಲಿ ನಿಮಗೆ ಕಚ್ಚೆ ಕಟ್ಟಿ, ಕಾಡಿಗೆಯಲ್ಲಿ ಮೀಸೆ ಬರೆದು ಸಂಘದ ವೇದಿಕೆ ಹತ್ತಿಸಿದವಳು ನಾನಾದ್ದರಿಂದ ಇಷ್ಟು ಸಲಿಗೆ ನನಗಿರಲಿ.

ಹೋದ ಸಂಚಿಕೆಯಲ್ಲಿ ಜೋಳದ ರೊಟ್ಟಿ ಬಡಿಯುವುದರ ಬಗ್ಗೆ ಬರೆದದ್ದಕ್ಕೆ ಮೂವರು ಫೋನ್ ಮಾಡಿದಿರಿ. ಈ ಸಲ ಅಡುಗೆಮನೆ ಬಿಟ್ಟು ಬಣ್ಣದ ವಿಷಯ. ಜೊತೆಗೆ ಒಂದು ತಪ್ಪೊಪ್ಪಿಗೆಯೂ ಇದೆ. ಕೊನೆಯಲ್ಲಿ ಹೇಳೋಣವೆಂದು ಮುಂದೂಡಿದರೆ ಹೇಳದೆಯೇ ಬಿಟ್ಟೇನು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ.

ಹೋದ ವರ್ಷದ ರಾಜ್ಯೋತ್ಸವ ನಿಮಗೆ ನೆನಪಿರಬೇಕು. ಡೊಳ್ಳು ಕುಣಿತಕ್ಕೆ ಯಾವತ್ತೂ ಇಲ್ಲದಷ್ಟು ಹುಡುಗ ಹುಡುಗಿಯರು ಹೆಸರು ಕೊಟ್ಟಿದ್ದಿರಿ. ಸಂಘದ ಬೀರುವಿನಲ್ಲಿ ಹಳೆಯ ಅರಿಶಿನ ಬಣ್ಣದ ಶಲ್ಯಗಳು ಹದಿನೆಂಟಿದ್ದವು. ಇನ್ನೂ ಮೂವತ್ತು ಬೇಕು, ಅದೇ ಬಣ್ಣದವೇ ಬೇಕು. ಬಿಳಿ ಹತ್ತಿ ಬಟ್ಟೆ ತಂದು ಬಣ್ಣ ಹಾಕಿಸುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ಊರಿನ ಗಲ್ಲಿಯೊಂದರಲ್ಲಿ ಒಬ್ಬರು ವಯಸ್ಸಾದ ರಂಗ್ರೇಜ್ ಇದ್ದಾರೆ. ನನ್ನ ದುಪಟ್ಟಾಗಳಿಗೆಲ್ಲ ಅವರದೇ ಕೈ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಡಬ್ಬಿಗಳಿಂದ ಚಿಟಿಕೆ ಚಿಟಿಕೆ ಪುಡಿ ಹಾಕಿ, ಉಪ್ಪು ಹಾಕಿ, ಬಟ್ಟೆಯ ಮೂಲೆಯನ್ನಷ್ಟೇ ಅದ್ದಿ ಹಿಂಡಿ, ಒಲೆಯ ಶಾಖಕ್ಕೆ ಒಣಗಿಸಿ, ಮಾದರಿಯ ಪಕ್ಕ ಹಿಡಿದು ನೋಡುತ್ತಾರೆ. ಒದ್ದೆ ಬಟ್ಟೆಯ ಬಣ್ಣ ಯಾವಾಗಲೂ ಗಾಢವಾಗಿ ಕಾಣುತ್ತದೆ, ಅದನ್ನು ನಂಬಬಾರದು ಎಂದು ನನಗೆ ಕಲಿಸಿದವರೇ ಅವರು.

ನಾನು ಹೋದಾಗ ಸಂಜೆ ಏಳು ಗಂಟೆ. ಹಳೆಯ ಶಲ್ಯವೊಂದನ್ನು ಮಾದರಿಗೆ ಕೊಟ್ಟೆ. "ಅಮ್ಮಾ, ಬಣ್ಣ ಬೆಳಿಗ್ಗೆ ನೋಡಬೇಕು, ಧೂಪ್ ಮೇ. ನಾಳೆ ಬನ್ನಿ" ಎಂದರು. "ಅಯ್ಯೋ ಚಾಚಾ, ನಾಳೆ ನನಗೆ ಪುರುಸೊತ್ತಿಲ್ಲ, ಈಗಲೇ ನೋಡಿಬಿಡೋಣ" ಎಂದು ಅವಸರ ಮಾಡಿದವಳು ನಾನು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಮೂಲೆ ಅದ್ದಿ ತೋರಿಸಿದರು. ಹಳೆಯದು ಯಾವುದು ಹೊಸದು ಯಾವುದು ಎಂದು ಹೇಳಲಾರದಷ್ಟು ಒಂದೇ ಬಣ್ಣ. "ಇದೇ ಸರಿ" ಎಂದು ತಲೆಯಾಡಿಸಿ ಮುಂಗಡ ಕೊಟ್ಟು ಬಂದೆ.

ಮುಂದಿನದನ್ನು ನೀವೇ ಕಂಡಿದ್ದೀರಿ. ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಿನಲ್ಲಿ ಮೆರವಣಿಗೆ ಸಾಲು ನಿಂತಾಗ ಹದಿನೆಂಟು ಶಲ್ಯ ಅರಿಶಿನ, ಮೂವತ್ತು ಶಲ್ಯ ಹಸಿರು ಛಾಯೆಯ ನಿಂಬೆ ಹಳದಿ. ಯಾರೋ ಫೋಟೋ ತೆಗೆದರು, ಯಾರೋ ನಕ್ಕರು. ನಿಮ್ಮಲ್ಲೊಬ್ಬ, ಹೆಸರು ಹೇಳುವುದಿಲ್ಲ, "ಆ ಮುದುಕ ಅಗ್ಗದ ಬಣ್ಣ ಹಾಕಿ ಮೋಸ ಮಾಡಿದ್ದಾನೆ, ಬಾಕಿ ದುಡ್ಡು ಕೊಡಬಾರದು" ಎಂದ. ಸಮಿತಿಯವರೂ ಹೂಂ ಎಂದರು. ನಾನು ಅಲ್ಲೇ ಕುರ್ಚಿಯ ಮೇಲೆ ಕುಳಿತಿದ್ದೆ. ಬಣ್ಣ ಒಪ್ಪಿದವಳು ನಾನೇ ಎಂದು ಹೇಳಲಿಲ್ಲ. ಸುಮ್ಮನಿದ್ದುಬಿಟ್ಟೆ.

ಇದೇ ನನ್ನ ತಪ್ಪೊಪ್ಪಿಗೆ. ಎರಡು ದಿನ ಊಟ ಸೇರಲಿಲ್ಲ ಎಂದರೆ ನಾಟಕವಾದೀತು, ಊಟ ಸೇರಿತು. ನಿದ್ದೆ ಮಾತ್ರ ಸರಿಯಾಗಿ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹಳೆಯ ಶಲ್ಯ ಒಂದು, ಹೊಸದು ಒಂದು ಹಿಡಿದು ಅವರ ಅಂಗಡಿಗೆ ಹೋದೆ. ಬಾಗಿಲ ಹೊರಗೆ ಬಿಸಿಲಿನಲ್ಲಿ ಹಿಡಿದರೆ ಎರಡು ಬಣ್ಣ. ಒಳಗೆ ಟ್ಯೂಬ್‌ಲೈಟ್ ಹಾಕಿ ಹಿಡಿದರೆ ಒಂದೇ ಬಣ್ಣ! ಅವರು ಮೋಸ ಮಾಡಿರಲಿಲ್ಲ. ಅವರ ಕಣ್ಣು ತಪ್ಪಿರಲಿಲ್ಲ, ನನ್ನದೂ ತಪ್ಪಿರಲಿಲ್ಲ. ತಪ್ಪಿದ್ದು ಬೆಳಕು. ಆ ಬೆಳಕಿನಲ್ಲೇ ಆಗಲಿ ಎಂದು ಹಟ ಹಿಡಿದವಳು ನಾನು.

ಇದು ಹೇಗೆ ಸಾಧ್ಯ ಎಂದು ಬಿ.ಎ.ನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನನಗೆ ಗೊತ್ತಾಗಬೇಕಾದರೆ ಸ್ವಲ್ಪ ಓದಬೇಕಾಯಿತು. ಬಟ್ಟೆಗೆ ಅದರದೇ ಆದ ಬಣ್ಣವಿಲ್ಲ. ಅದರ ಮೇಲೆ ಬಿದ್ದ ಬೆಳಕಿನಲ್ಲಿ ಒಂದಷ್ಟನ್ನು ಅದು ನುಂಗುತ್ತದೆ, ಉಳಿದದ್ದನ್ನು ನಮ್ಮ ಕಣ್ಣಿಗೆ ಕಳಿಸುತ್ತದೆ. ಹಳೆಯ ಶಲ್ಯಕ್ಕೆ ಎಲ್ಲೋ ಗಿರಣಿಯಲ್ಲಿ ಹಾಕಿದ ಬಣ್ಣದ ಪುಡಿಗಳೇ ಬೇರೆ, ಚಾಚಾ ಡಬ್ಬಿಯ ಪುಡಿಗಳೇ ಬೇರೆ. ಸೂರ್ಯನ ಬೆಳಕಿನಲ್ಲಿ ಕಾಮನಬಿಲ್ಲಿನ ಎಲ್ಲ ಬಣ್ಣಗಳೂ ಸಾಕಷ್ಟಿರುತ್ತವೆ. ಟ್ಯೂಬ್‌ಲೈಟಿನಲ್ಲಿ ಕೆಲವು ಹೆಚ್ಚು, ಕೆಲವು ತೀರ ಕಡಿಮೆ. ಆದ್ದರಿಂದ ಒಂದು ದೀಪದ ಕೆಳಗೆ ಅವಳಿಗಳಂತೆ ಕಂಡ ಎರಡು ಬಟ್ಟೆಗಳು ಇನ್ನೊಂದು ಬೆಳಕಿನಲ್ಲಿ ಪರಿಚಯವೇ ಇಲ್ಲದವರಂತೆ ನಿಲ್ಲಬಹುದು. ಇದಕ್ಕೆ ಮೆಟಾಮೆರಿಸಂ ಎನ್ನುತ್ತಾರೆ. ದೊಡ್ಡ ಬಟ್ಟೆ ಕಾರ್ಖಾನೆಗಳಲ್ಲಿ ಇದಕ್ಕಾಗಿಯೇ ಒಂದು ದೀಪದ ಪೆಟ್ಟಿಗೆ ಇಟ್ಟಿರುತ್ತಾರೆ. ಒಳಗೆಲ್ಲ ಬೂದು ಬಣ್ಣ. ಒಂದು ಗುಂಡಿ ಒತ್ತಿದರೆ ಹಗಲಿನ ಬೆಳಕು, ಇನ್ನೊಂದಕ್ಕೆ ಅಂಗಡಿಯ ದೀಪ, ಮತ್ತೊಂದಕ್ಕೆ ಮನೆಯ ಹಳೆಯ ಬಲ್ಬು. ಎಲ್ಲದರಲ್ಲೂ ಹೊಂದಿದರೆ ಮಾತ್ರ ಬಣ್ಣ ಪಾಸು.

ಬೆಳಕಿನ ತೊಂದರೆ ಹಾಗಿರಲಿ, ಮಾತಿನ ತೊಂದರೆ ಇನ್ನೊಂದು. ನಾನು ಮದುವೆಯಾಗಿ ಹೈದರಾಬಾದಿಗೆ ಬಂದ ಹೊಸದರಲ್ಲಿ ಸುಲ್ತಾನ್ ಬಜಾರಿನ ಒಂದು ಮ್ಯಾಚಿಂಗ್ ಅಂಗಡಿಯಲ್ಲಿ ಪಚ್ಚೆ ಬಣ್ಣದ ಬ್ಲೌಸ್ ಪೀಸ್ ಕೇಳಿದೆ. ತೆಲುಗು ಹುಡುಗ ಸರಸರನೆ ಹತ್ತು ತುಂಡು ಹಳದಿ ಬಟ್ಟೆ ಹರವಿದ. ನಾನು ಪಚ್ಚೆ ಎನ್ನುತ್ತೇನೆ, ಅವನು ಪಚ್ಚ ಎಂದು ಹಳದಿ ತೋರಿಸುತ್ತಾನೆ. ನಮಗೆ ಪಚ್ಚೆ ಎಂದರೆ ಹಸಿರು. ತೆಲುಗಿನಲ್ಲಿ ಹಸಿರಿಗೆ ಆಕುಪಚ್ಚ ಎನ್ನಬೇಕು, ಬರೀ ಪಚ್ಚ ಎಂದರೆ ಹಳದಿಯೂ ಆಗಬಹುದು. ಕಾಮಾಲೆ ರೋಗಕ್ಕೆ ಅವರು ಪಚ್ಚಕಾಮೆರ್ಲು ಎನ್ನುವುದು ಅದಕ್ಕೇ. ಅಕ್ಕಪಕ್ಕದ ಎರಡು ಭಾಷೆಗಳ ನಡುವೆಯೇ ಹೀಗಾದರೆ ಕಡಲಾಚೆಯ ವ್ಯಾಪಾರಿಗಳು ಹೇಗೆ ಮಾತಾಡಿಕೊಳ್ಳಬೇಕು?

ನಮ್ಮವ್ವನ ಬಾಯಲ್ಲಿ ಬಣ್ಣಗಳಿಗೆ ಎಷ್ಟು ಹೆಸರಿದ್ದವು! ಗಿಳಿ ಹಸಿರು, ನವಿಲು ಕತ್ತಿನ ಬಣ್ಣ, ಬದನೆ ಬಣ್ಣ, ಈರುಳ್ಳಿ ಸಿಪ್ಪೆ ಬಣ್ಣ, ಸಾಸಿವೆ ಬಣ್ಣ, ಮೈಲುತುತ್ತದ ನೀಲಿ, ದಾಳಿಂಬೆ ಕೆಂಪು. ಇಳಕಲ್ ಸೀರೆಯ ಗಂಟು ಬಿಚ್ಚಿದ ವ್ಯಾಪಾರಿಗೂ ಅವ್ವನಿಗೂ ಈ ಹೆಸರುಗಳೇ ಸಾಕಾಗಿದ್ದವು. ಏಕೆಂದರೆ ಇಬ್ಬರೂ ಅದೇ ಬದನೆಕಾಯಿ, ಅದೇ ದಾಳಿಂಬೆ ತಿಂದವರು. ಇದನ್ನು ಹಳ್ಳಿಯ ಮಾತೆಂದು ನಗಬೇಡಿ. 1814ರಲ್ಲಿ ಪ್ಯಾಟ್ರಿಕ್ ಸೈಮ್ ಎಂಬ ಸ್ಕಾಟ್ಲೆಂಡಿನ ಚಿತ್ರಗಾರ ಒಂದು ಬಣ್ಣದ ಪುಸ್ತಕ ಮಾಡಿದ. ವೆರ್ನರ್ ಎಂಬ ಖನಿಜ ವಿಜ್ಞಾನಿಯ ಪಟ್ಟಿಯನ್ನು ಬೆಳೆಸಿ, ಪ್ರತಿ ಬಣ್ಣದ ತುಣುಕಿನ ಮುಂದೆ ಅದು ಯಾವ ಪ್ರಾಣಿಯಲ್ಲಿ, ಯಾವ ಗಿಡದಲ್ಲಿ, ಯಾವ ಕಲ್ಲಿನಲ್ಲಿ ಕಾಣುತ್ತದೆಂದು ಬರೆದ. ಚಾರ್ಲ್ಸ್ ಡಾರ್ವಿನ್ ಬೀಗಲ್ ಹಡಗಿನಲ್ಲಿ ಹೊರಟಾಗ ಈ ಪುಸ್ತಕ ಜೊತೆಯಲ್ಲಿತ್ತು. ನಮ್ಮವ್ವನ ಪದ್ಧತಿಯೂ ಅದೇ, ಪುಸ್ತಕವೊಂದಿರಲಿಲ್ಲ ಅಷ್ಟೇ.

ಆದರೆ ಬದನೆಕಾಯಿ ಊರಿಗೊಂದು ಬಣ್ಣ. ಹಾಗಾಗಿ ಹೆಸರಿನ ಬದಲು ಅಳತೆ ಬೇಕಾಯಿತು. ಅಮೆರಿಕದಲ್ಲಿ ಆಲ್ಬರ್ಟ್ ಮನ್ಸೆಲ್ ಎಂಬ ಚಿತ್ರಕಲೆಯ ಮೇಷ್ಟರು 1905ರಲ್ಲಿ ಒಂದು ಸರಳ ಮಾತು ಹೇಳಿದರು. ಯಾವುದೇ ಬಣ್ಣದ ಬಗ್ಗೆ ಮೂರು ಪ್ರಶ್ನೆ ಕೇಳಿ. ಅದು ಯಾವ ಜಾತಿಯ ಬಣ್ಣ, ಕೆಂಪೋ ಹಳದಿಯೋ? ಎಷ್ಟು ತಿಳಿ, ಎಷ್ಟು ಗಾಢ? ಎಷ್ಟು ಕಡು, ಎಷ್ಟು ಮಂಕು? ಈ ಮೂರಕ್ಕೂ ಅಂಕಿ ಕೊಟ್ಟರೆ ಬಣ್ಣಕ್ಕೆ ವಿಳಾಸ ಸಿಕ್ಕಂತೆ. ಕಾಗದಕ್ಕೆ ಮನೆ ನಂಬರು, ಬೀದಿ, ಊರು ಬರೆದ ಹಾಗೆ.

ಈಗ ಬಟ್ಟೆ ವ್ಯಾಪಾರದಲ್ಲಿ ಎಲ್ಲರ ಬಾಯಲ್ಲಿರುವ ಪ್ಯಾಂಟೋನ್ ನಂಬರುಗಳೂ ಹೆಚ್ಚುಕಡಿಮೆ ಹೀಗೆಯೇ. ಪ್ಯಾಂಟೋನ್‌ನವರು 1963ರಲ್ಲಿ ಶುರು ಮಾಡಿದ್ದು ಮುದ್ರಣದ ಶಾಯಿಗಾಗಿ, ಬಟ್ಟೆಯ ಪುಸ್ತಕ ಆಮೇಲೆ ಬಂತು. 2021ರ ವರ್ಷದ ಬಣ್ಣಗಳಲ್ಲೊಂದೆಂದು ಅವರು ಸಾರಿದ ಹಳದಿಯ ಸಂಖ್ಯೆ 13-0647. ಇದರಲ್ಲಿ ಮೊದಲಿನ 13 ತಿಳಿ-ಗಾಢದ ಅಂಕಿ. 11 ತೀರ ತಿಳಿ, 19 ತೀರ ಗಾಢ. ನಡುವಿನ 06 ಬಣ್ಣದ ಜಾತಿ. ಬಣ್ಣಗಳ ಚಕ್ರವನ್ನು 64 ಹೋಳು ಮಾಡಿದ್ದಾರೆ, ಅದರಲ್ಲಿ ಇದು ಹಳದಿಯ ಹೋಳು. ಕೊನೆಯ 47 ಕಡುತನ. ಸಂಖ್ಯೆಯ ಹಿಂದೆ ಟಿ.ಸಿ.ಎಕ್ಸ್. ಎಂದಿದ್ದರೆ ಅದು ಹತ್ತಿ ಬಟ್ಟೆಗೇ ಬಣ್ಣ ಹಾಕಿದ ಮಾದರಿ. ಕಾಗದದ ಮೇಲಿನ ಮಾದರಿಗೆ ಬಾಲ ಬೇರೆ. ಈ ಬಾಲವನ್ನು ಮರೆತು ಬರೀ ಅಂಕಿ ಹೇಳುವುದು ಪಿನ್‌ಕೋಡ್ ಬರೆಯದೆ ಕಾಗದ ಹಾಕಿದಂತೆ.

ಇದಕ್ಕೂ ಮುಂಚೆಯೇ ವಿಜ್ಞಾನಿಗಳು ಇನ್ನೊಂದು ಹೆಜ್ಜೆ ಇಟ್ಟಿದ್ದರು. 1920ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ರೈಟ್, ಗಿಲ್ಡ್ ಎಂಬ ಇಬ್ಬರು ಬೇರೆ ಬೇರೆಯಾಗಿ ಒಟ್ಟು ಹದಿನೇಳು ಜನರನ್ನು ಕೂರಿಸಿ, ಬಣ್ಣದ ಬೆಳಕುಗಳನ್ನು ಹೊಂದಿಸಲು ಹೇಳಿ, ಮನುಷ್ಯರ ಕಣ್ಣು ಬಣ್ಣವನ್ನು ಹೇಗೆ ಕಾಣುತ್ತದೆಂದು ಅಳೆದರು. 1931ರಲ್ಲಿ ಬೆಳಕಿನ ಅಂತಾರಾಷ್ಟ್ರೀಯ ಆಯೋಗ, ಅಂದರೆ ಸಿ.ಐ.ಇ., ಇದರ ಸರಾಸರಿಯನ್ನು ಜಗತ್ತಿಗೇ ಅಳತೆಗೋಲಾಗಿ ಒಪ್ಪಿತು. ನಮ್ಮ ಮನೆಯಲ್ಲಿ ಪರದೆಯ ಬಣ್ಣಕ್ಕೆ ಇಬ್ಬರ ಕಣ್ಣು ಹೊಂದುವುದಿಲ್ಲ, ಅಲ್ಲಿ ಹದಿನೇಳು ಜನರ ಕಣ್ಣಿನ ಮೇಲೆ ಜಗತ್ತೇ ಒಪ್ಪಂದಕ್ಕೆ ಬಂತು ನೋಡಿ!

ಈ ಅಳತೆಗೋಲು ನಮ್ಮ ನಾಡಿನಲ್ಲಿ ಎಲ್ಲಿ ಬಳಕೆಯಲ್ಲಿದೆ ಗೊತ್ತೆ? ನಮ್ಮ ತವರಿನ ಕಡೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಎಂಬ ಸಂಸ್ಥೆ ಅಲ್ಲಿದೆ. ಹುಟ್ಟಿದ್ದು 1957ರ ನವೆಂಬರಿನಲ್ಲಿ, ನಮ್ಮ ರಾಜ್ಯ ಹುಟ್ಟಿದ ಮರುವರ್ಷ. ಅಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ. ಧಾರವಾಡ, ಬಾಗಲಕೋಟೆ ಕಡೆಯ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕಿ, ಕತ್ತರಿಸಿ, ಚಕ್ರ ಅಚ್ಚು ಹಾಕಿ ಹೊಲಿಯುತ್ತಾರೆ. ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

1947ರ ಜುಲೈ 22ರಂದು ಸಂವಿಧಾನ ಸಭೆ ಧ್ವಜವನ್ನು ಒಪ್ಪಿದಾಗ ಗಾಢ ಕೇಸರಿ, ಬಿಳಿ, ಗಾಢ ಹಸಿರು, ನಡುವೆ ನೌಕಾನೀಲಿ ಚಕ್ರ ಎಂದು ಮಾತಿನಲ್ಲಿ ಹೇಳಿತು. ಆದರೆ ಗಾಢ ಎಂದರೆ ಎಷ್ಟು ಗಾಢ? ಕಾಶ್ಮೀರದವರ ಕೇಸರಿ ಒಂದು, ನಮ್ಮ ಕೇಸರಿಬಾತಿನ ಕೇಸರಿ ಇನ್ನೊಂದು. ಆಗ ಭಾರತೀಯ ಮಾನಕ ಸಂಸ್ಥೆಯವರು 1951ರಲ್ಲಿ ಧ್ವಜಕ್ಕೊಂದು ಮಾನದಂಡ ಬರೆದರು. ಅದರ ಸಂಖ್ಯೆಯೇ ಐ.ಎಸ್. 1. ದೇಶದ ಮಾನದಂಡಗಳ ಪಟ್ಟಿಯಲ್ಲಿ ಮೊದಲ ನಂಬರು ಸಿಮೆಂಟಿಗೂ ಅಲ್ಲ, ಕಬ್ಬಿಣಕ್ಕೂ ಅಲ್ಲ, ಬಾವುಟಕ್ಕೆ! 1964ರಲ್ಲೂ 1968ರಲ್ಲೂ ಅದನ್ನು ತಿದ್ದಿದರು. ಅದರ ಪ್ರಕಾರ ಕೇಸರಿ ಎಂದರೆ ಸಿ.ಐ.ಇ. ನಕ್ಷೆಯಲ್ಲಿ 0.538, 0.360, ಹೊಳಪು 21.5. ಹಸಿರೆಂದರೆ 0.288, 0.395, ಹೊಳಪು 8.9. ಮೊದಲೆರಡು ಅಂಕಿ ಬಣ್ಣ ನಕ್ಷೆಯ ಮೇಲೆ ಎಲ್ಲಿದೆ ಎಂದು ಹೇಳುತ್ತವೆ, ಮೂರನೆಯದು ಎಷ್ಟು ಬೆಳಕು ಮರಳಿಸುತ್ತದೆ ಎಂದು. ಮುಖ್ಯವಾದ ಮಾತು ಇನ್ನೊಂದಿದೆ. ಈ ಅಂಕಿಗಳು ಯಾವ ಬೆಳಕಿನಲ್ಲಿ ಎಂಬುದನ್ನೂ ಅದೇ ಮಾನದಂಡ ಹೇಳುತ್ತದೆ. ಸಿ ಎಂದು ಹೆಸರಿಟ್ಟ, ಹಗಲಿನ ಬೆಳಕಿಗೆ ಹತ್ತಿರದ ಒಂದು ಬೆಳಕು. ನಮ್ಮ ಚಾಚಾ ಧೂಪ್ ಮೇ ಎಂದದ್ದೂ ಅದನ್ನೇ! ಮಾನದಂಡ ಓದದ ಮನುಷ್ಯ ಹೇಳಿದ ಮಾತನ್ನು ಬಿ.ಎ. ಓದಿದ ನಾನು ಕೇಳಲಿಲ್ಲ.

1921ರಲ್ಲಿ ವಿಜಯವಾಡದಲ್ಲಿ ಗಾಂಧೀಜಿಯವರ ಕೈಗೆ ಧ್ವಜದ ವಿನ್ಯಾಸವಿತ್ತ ಪಿಂಗಳಿ ವೆಂಕಯ್ಯನವರು ನಮ್ಮ ನೆರೆಯ ತೆಲುಗರು. ಆ ಧ್ವಜದ ಇಂದಿನ ರೂಪವನ್ನು ಅಂಕಿ ಹಿಡಿದು ನೇಯ್ದು ಹೊಲಿಯುವವರು ನಮ್ಮ ಕನ್ನಡದ ಹೆಂಗಸರು. ಇಲ್ಲಿ ಬೆಳೆದ ನೀವು ಎರಡು ಕಡೆಗೂ ಹೆಮ್ಮೆಪಡಬಹುದು. 2021ರ ಡಿಸೆಂಬರಿನಲ್ಲಿ ನಿಯಮ ಬದಲಾಗಿ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಬಂತು. ಮರುವರ್ಷ ಆಗಸ್ಟಿನಲ್ಲಿ ನಮ್ಮ ಬೀದಿಯ ಮನೆಮನೆಯ ಮೇಲೆ ಎಷ್ಟು ಬಗೆಯ ಕೇಸರಿ ಹಾರಿತೆಂದು ನೀವೂ ನೋಡಿದ್ದೀರಿ. ಇನ್ನು ನಮ್ಮ ಅರಿಶಿನ-ಕುಂಕುಮದ ಬಾವುಟಕ್ಕಂತೂ ಅಂಗಡಿಗೊಂದು ಹಳದಿ. ಮ. ರಾಮಮೂರ್ತಿಯವರು ಆ ಎರಡು ಬಣ್ಣ ಆರಿಸಿದಾಗ ಮನಸ್ಸಿನಲ್ಲಿದ್ದುದು ಪ್ರತಿ ಮನೆಯ ಮಂಗಳದ್ರವ್ಯ. ಹಾಗಾಗಿ ಅಲ್ಲಿ ಮನೆಗೊಂದು ಹಳದಿಯಾದರೂ ನನಗೆ ಬೇಸರವಿಲ್ಲ. ಆದರೆ ಒಂದೇ ಸಾಲಿನಲ್ಲಿ ನಲವತ್ತೆಂಟು ಜನ ನಿಲ್ಲುವಾಗ ಮಾತ್ರ ಬೇಸರ!

ಹಾಗಾದರೆ ನಾವು ಏನು ಮಾಡಬೇಕು? ಪ್ಯಾಂಟೋನ್ ಪುಸ್ತಕ ಪೂರ್ತಿ ಕೊಳ್ಳಲು ಸಂಘದ ವರ್ಷದ ಚಂದಾ ಸಾಲದು. ಬೇಕಾದ ಒಂದೆರಡು ಬಣ್ಣದ ಬಿಡಿ ಮಾದರಿ ಕೊಂಡರೂ ಆಗುತ್ತದೆ. ಅದನ್ನೂ ಬಿಸಿಲಿಗೆ ಬಿಡದೆ ಮುಚ್ಚಿಡಬೇಕು, ವರ್ಷ ಕಳೆದಂತೆ ಮಾದರಿಯೇ ಮಾಸುತ್ತದೆ. ಅದೂ ಬೇಡವೆಂದರೆ ನನಗೆ ಈ ಪಾಠ ಕಲಿಸಿದ ನಾಲ್ಕು ಮಾತು ಸಾಕು.

ಒಂದು, ಫೋನಿನಲ್ಲಿ ಕಂಡ ಬಣ್ಣವನ್ನು ನಂಬಬೇಡಿ. ನಿಮ್ಮ ಫೋನಿನ ಹಳದಿ ಬೇರೆ, ನನ್ನ ಫೋನಿನ ಹಳದಿ ಬೇರೆ. ಇಳಕಲ್ಲಿನಿಂದಲೋ ಪೋಚಂಪಲ್ಲಿಯಿಂದಲೋ ಸೀರೆ ತರಿಸುವುದಾದರೆ ಫೋಟೋ ಕಳಿಸಿ, ತಪ್ಪೇನಿಲ್ಲ. ಜೊತೆಗೆ ಎರಡು ಬೆರಳು ಅಗಲದ ಬಟ್ಟೆಯನ್ನೋ ಒಂದು ಎಳೆ ನೂಲನ್ನೋ ಅಂಚೆಯಲ್ಲಿ ಹಾಕಿ.

ಎರಡು, ಯಾವ ಬಟ್ಟೆಗೆ ಬಣ್ಣ ಹಾಕಬೇಕೋ ಅದೇ ಬಟ್ಟೆಯ ಮಾದರಿ ನೋಡಿ. ಹತ್ತಿ ಹಿಡಿಯುವ ಬಣ್ಣದ ಪುಡಿಯೇ ಬೇರೆ, ಪಾಲಿಯೆಸ್ಟರಿನದೇ ಬೇರೆ. ರೇಷ್ಮೆಯ ಹೊಳಪನ್ನು ಹತ್ತಿಯಲ್ಲಿ ಕೇಳಿದರೆ ಬಣ್ಣಗಾರ ಎಲ್ಲಿಂದ ತಂದಾನು?

ಮೂರು, ಹಗಲಿನಲ್ಲಿ, ನೇರ ಬಿಸಿಲು ಬೀಳದ ಕಿಟಕಿಯ ಬಳಿ, ಒಣಗಿದ ಬಟ್ಟೆಯನ್ನು ನೋಡಿ. ಆಮೇಲೆ ಉಡುವ ಜಾಗದ ದೀಪದಲ್ಲೂ ಒಮ್ಮೆ ನೋಡಿ. ಪಕ್ಕದಲ್ಲಿ ಬೇರೆ ಕಡು ಬಣ್ಣ ಇಡಬೇಡಿ. ಪ್ಯಾರಿಸ್ಸಿನ ಗೊಬೆಲಿನ್ ಕಾರ್ಖಾನೆಯಲ್ಲಿ ಕಪ್ಪು ದಾರ ಮಂಕಾಗಿದೆ ಎಂದು ದೂರು ಬಂದಾಗ, ಬಣ್ಣದ ಮನೆಯ ಮುಖ್ಯಸ್ಥ ಷೆವ್ರಲ್ ಪರೀಕ್ಷೆ ಮಾಡಿ ನೋಡಿದರಂತೆ. ದಾರದಲ್ಲಿ ದೋಷವೇ ಇರಲಿಲ್ಲ, ಪಕ್ಕದಲ್ಲಿ ನೇಯ್ದ ಬಣ್ಣಗಳು ಅದನ್ನು ಹಾಗೆ ತೋರಿಸುತ್ತಿದ್ದವು. 1839ರಲ್ಲಿ ಅವರು ಇದರ ಮೇಲೆ ಒಂದು ದೊಡ್ಡ ಪುಸ್ತಕವನ್ನೇ ಬರೆದರು. ಅಲ್ಲಿಯೂ ಬೈಗುಳ ಮೊದಲು ತಿಂದವನು ಬಣ್ಣ ಹಾಕಿದವನೇ, ಗಮನಿಸಿ.

ನಾಲ್ಕು, ಒಪ್ಪಿದ ಮಾದರಿಯನ್ನು ಎರಡು ತುಂಡು ಮಾಡಿ, ಒಂದು ನಿಮ್ಮ ಕೈಯಲ್ಲಿ, ಒಂದು ಅವರ ಕೈಯಲ್ಲಿ. ಎಷ್ಟು ವ್ಯತ್ಯಾಸ ನಡೆಯುತ್ತದೆ ಎಂಬುದನ್ನೂ ಆಗಲೇ ಮಾತಾಡಿಕೊಳ್ಳಿ. ಕಾರ್ಖಾನೆಯವರು ಇದನ್ನು ಯಂತ್ರದಲ್ಲಿ ಅಳೆದು ಡೆಲ್ಟಾ ಇ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಅದು ಒಂದರೊಳಗಿದ್ದರೆ ನಮ್ಮಂಥವರ ಕಣ್ಣಿಗೆ ಹೆಚ್ಚುಕಡಿಮೆ ಗೊತ್ತಾಗುವುದೇ ಇಲ್ಲ. ನಮ್ಮ ಬಳಿ ಯಂತ್ರವಿಲ್ಲ, ಮಾತಿದೆ.

ಈ ಅಂಕಿ, ಮಾದರಿಗಳೆಲ್ಲ ಕೊಳ್ಳುವವರ ಅನುಕೂಲಕ್ಕೆ ಎಂದು ನಾನೂ ತಿಳಿದಿದ್ದೆ. ಈಗ ಅನ್ನಿಸುವುದು ಬೇರೆ. ಮಾತು ಸಡಿಲವಾಗಿದ್ದಾಗ ಗೆಲ್ಲುವವನು ದುಡ್ಡು ಕೈಯಲ್ಲಿಟ್ಟುಕೊಂಡವನು. "ನಾನು ಹೇಳಿದ ಹಳದಿ ಇದಲ್ಲ" ಎಂದುಬಿಟ್ಟರೆ ಮುಗಿಯಿತು. ನೀಲಿ ಹಳದಿ ಮೆತ್ತಿದ ಕೈಯವರು ಏನು ತೋರಿಸಿ ವಾದಿಸಬೇಕು? ಎರಡು ಬೆರಳಗಲದ ಒಂದು ತುಂಡು ಬಟ್ಟೆ ಅವರ ಬಳಿ ಇದ್ದಿದ್ದರೆ, ಹಗಲಿನಲ್ಲಿ ನೋಡಿ ಒಪ್ಪಿದ್ದೆಂಬ ಒಂದು ಮಾತು ನಡುವೆ ಇದ್ದಿದ್ದರೆ, ಆ ಹಿರಿಯರನ್ನು ಮೋಸಗಾರ ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಅಂದು ಅಲ್ಲಿಂದ ಬಂದವಳೇ ಸಮಿತಿಯವರ ಮುಂದೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಬಾಕಿ ಮೂರು ಸಾವಿರ ನಾನೇ ಕೊಡುತ್ತೇನೆಂದೆ. ಯಾರೂ ಒಪ್ಪಲಿಲ್ಲ, ಸಂಘವೇ ಕೊಟ್ಟಿತು. ಮೊದಲು ಸಿಟ್ಟಾಗಿ ಮಾತಾಡಿದ್ದ ಹುಡುಗ ಇದ್ದನಲ್ಲ, "ಆಂಟಿ, ನಾನೇ ಹೋಗಿ ಕೊಟ್ಟು ಬರುತ್ತೇನೆ" ಎಂದ. ಹೋದವನು ಎರಡು ಗಂಟೆ ಬರಲಿಲ್ಲ. ಬಂದಾಗ ಅವನ ಬೆರಳುಗಳೆಲ್ಲ ಗುಲಾಬಿ! "ಚಾಚಾ ಬಾಕಿ ದುಡ್ಡು ಎಣಿಸಲೇ ಇಲ್ಲ ಆಂಟಿ. ನಾವು ಅಂದದ್ದು ಅವರಿಗೆ ಗೊತ್ತಿತ್ತು. ಆದರೂ ಚಹಾ ತರಿಸಿದರು" ಎಂದ. ಅಷ್ಟೇ ಹೇಳಿದ. ನಾನೂ ಹೆಚ್ಚು ಕೇಳಲಿಲ್ಲ.

ಈ ವರ್ಷವೂ ಶಲ್ಯದ ಕೆಲಸ ಅವರಿಗೇ. ಹಳೆಯ ಹದಿನೆಂಟನ್ನೂ ಹೊಸ ಮೂವತ್ತನ್ನೂ ಒಂದೇ ಪಾತ್ರೆಯಲ್ಲಿ ಅದ್ದಿ ಒಂದೇ ಬಣ್ಣಕ್ಕೆ ತರುವುದೆಂದು ಮಾತಾಗಿದೆ. ಮಾದರಿ ಕತ್ತರಿಸಿ ಅರ್ಧ ನನ್ನ ಕುಂಕುಮದ ಡಬ್ಬಿಯಲ್ಲಿದೆ, ಅರ್ಧ ಅವರ ಗಲ್ಲಾಪೆಟ್ಟಿಗೆಯಲ್ಲಿದೆ. ನೋಡಿ ಒಪ್ಪಿದ್ದು ಬೆಳಿಗ್ಗೆ ಹತ್ತಕ್ಕೆ, ಇಬ್ಬರು ಯುವಕರ ಸಾಕ್ಷಿಯಲ್ಲಿ.

ಹಾಂ, ಒಂದು ಮಾತು ಮರೆತೆ. ಆ ಹದಿನೆಂಟು ಹಳೆಯ ಶಲ್ಯಗಳಲ್ಲಿ ಎಣಿಸಿದಾಗ ಸಿಕ್ಕಿದ್ದು ಹದಿನಾರು. ಇನ್ನೆರಡು ಯಾರ ಮನೆಯಲ್ಲಿವೆಯೋ ಅವರು ದಯವಿಟ್ಟು ಈ ತಿಂಗಳೊಳಗೆ ತಂದುಕೊಡಿ. ಯಾರೆಂದು ಕೇಳುವುದಿಲ್ಲ. ಒಗೆದು ತಂದರೆ ಸಂತೋಷ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.